ಕಿವಿಯೂ ಇದ್ದ ಕರೆಗಂಟೆ

ಗಲ್ಫಿನಿಂದ ನನ್ನ ಗಂಡ ಕಳಿಸಿದ ಸಾಮಾನುಗಳಲ್ಲಿ ನಾನು ಸಿಟ್ಟಿನಿಂದ ಬಿಚ್ಚಿದ್ದು ಅದೊಂದನ್ನೇ. ಅವರ ಜೊತೆ ಕೆಲಸ ಮಾಡುವ ವಿಟ್ಲದವರೊಬ್ಬರು ರಜೆಗೆ ಬಂದಾಗ ತಂದುಕೊಟ್ಟ ಪೆಟ್ಟಿಗೆ. ಒಳಗೆ ಅಂಗೈ ಉದ್ದದ ಕಪ್ಪು ಕರೆಗಂಟೆ. ಮೇಲೆ ಕ್ಯಾಮೆರಾದ ಗಾಜು, ಕೆಳಗೆ ಒತ್ತುವ ಗುಂಡಿ, ಬೆನ್ನಿನಲ್ಲಿ ವಯರ್ ಸಿಕ್ಕಿಸಲು ಎರಡು ಸ್ಕ್ರೂ. ಬಾಗಿಲಿಗೆ ಬಂದವರ ಮುಖ ಫೋನಿನಲ್ಲಿ ಕಾಣುತ್ತದಂತೆ. ಆ ಫೋನು ಬೆಳ್ತಂಗಡಿಯ ಹತ್ತಿರದ ಲಾಯಿಲದ ನಮ್ಮ ಅಡುಗೆಮನೆಯಲ್ಲಿದ್ದರೂ ಸರಿ, ಸಮುದ್ರದ ಆಚೆ ಇದ್ದರೂ ಸರಿ.

"ನೀನೊಬ್ಬಳೇ ಇರುದಲ್ವಾ, ಸೇಫ್ಟಿಗೆ" ಎಂದರು ಗಂಡ. ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ನಾನೊಬ್ಬಳೇ ಇದ್ದದ್ದು ನಿಜ. ಆದರೆ ಒಬ್ಬಳೇ ಇರುವುದು ನನಗೆ ಹೊಸತಲ್ಲ. ಅವರು ಬಾಯಿಬಿಟ್ಟು ಹೇಳದ ಕಾರಣ ಬೇರೆ ಇತ್ತು. ಅದು ನನಗೆ ಗೊತ್ತಿತ್ತು.

ಅದರ ಮೂಲ ನನ್ನ ಭಾವ, ಗಂಡನ ಅಣ್ಣ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಸಾಲು ದಾಸವಾಳದ ಗಿಡ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆ ವರ್ಷ ಸಂಜೆ ಹೊತ್ತು ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಲೆಕ್ಕ ಹೇಳಿಸಿಕೊಳ್ಳಲು ಮನೆಗೆ ಬರುತ್ತಿದ್ದಳು. ಪಾಠ ಮುಗಿಯುವಾಗ ಅವಳ ಅಪ್ಪ ಬೈಕಿನಲ್ಲಿ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಹೆಲ್ಮೆಟ್ ಕೂಡ ತೆಗೆಯುತ್ತಿರಲಿಲ್ಲ. ಮಗಳನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನಡೆದದ್ದು ಇಷ್ಟು.

ಬಂಟ್ವಾಳದ ಹತ್ತಿರ ಇರುವ ಗಂಡನ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ವರ್ಷಕ್ಕೊಮ್ಮೆ ನಾಗನಿಗೆ ತಂಬಿಲದ ಪೂಜೆ ನಡೆಯುತ್ತದೆ. ಕುಟುಂಬದವರೆಲ್ಲ ಸೇರುತ್ತಾರೆ. ಆ ಸಲ ಅಡುಗೆಯ ಚಪ್ಪರದಡಿ ನಾವು ಹೆಂಗಸರು ತೆಂಗಿನಕಾಯಿ ತುರಿಯುತ್ತ ಕುಳಿತಿದ್ದಾಗ, ಮನೆಗೆ ಹಿರಿಯರಾದ ಗಂಡನ ಸೋದರತ್ತೆ ಕೇಳಿದರು: "ನಿನ್ನಲ್ಲಿಗೆ ಸಂಜೆ ಬೈಕಿನಲ್ಲಿ ಬರುವವ ಯಾರು ಮಗಾ?"

ತುರಿಯುತ್ತಿದ್ದ ಕೈಗಳೆಲ್ಲ ನಿಂತವು. ಅತ್ತೆಯೊಬ್ಬರಿಗೇ ಇದ್ದ ಸಂಶಯವಲ್ಲ ಅದು. ನಾನು ಬರುವ ಮೊದಲೇ ಅಲ್ಲಿ ಮಾತಾಡಿ ಮುಗಿದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹೌದಾ" ಎಂದರು ಅತ್ತೆ. ಉಳಿದವರು ಮತ್ತೆ ತುರಿಯತೊಡಗಿದರು. ಯಾರೂ ನಂಬಲಿಲ್ಲವೆಂದು ಆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಬಾಳೆಲೆ ಒರೆಸುತ್ತ ನಿಂತಿದ್ದ ಭಾವ ನನ್ನ ಕಡೆ ನೋಡಿದರು, ಆಮೇಲೆ ಎಲೆಯ ಕಡೆ.

ಅದೇ ವಾರ ಗಂಡ ಫೋನಿನಲ್ಲಿ ಅದೇ ಪ್ರಶ್ನೆ ಕೇಳಿದರು. ಅತ್ತೆ ಕೇಳಿದಾಗ ನನಗೆ ಅವಮಾನವಾಗಿತ್ತು. ಇವರು ಕೇಳಿದಾಗ ಒಳಗೆ ಏನೋ ಕಲ್ಲಾಯಿತು. "ನಿಮಗೆ ಯಾರು ಹೇಳಿದ್ದು?" ಎಂದೆ. "ಅಣ್ಣ ನನ್ನ ಒಳ್ಳೆಯದಕ್ಕೇ ಹೇಳುದು. ಒಂದು ಕ್ಯಾಮೆರಾ ಹಾಕಿದ್ರೆ ಮತ್ತೆ ಯಾರೂ ಎಂತದೂ ಹೇಳ್ಲಿಕ್ಕಿಲ್ಲ ಅಂತ ಅವನೇ ಐಡಿಯಾ ಕೊಟ್ಟದ್ದು" ಎಂದರು.

ಪೆಟ್ಟಿಗೆ ಬಂದ ದಿನ ಅದನ್ನು ಬಾವಿಗೆ ಹಾಕಿಬಿಡುವ ಎನಿಸಿತ್ತು. ಅದರೊಳಗಿದ್ದ ಸಣ್ಣ ಅಕ್ಷರದ ವಿವರಣೆಯನ್ನು ಓದಿದ್ದರಿಂದ ಹಾಕಲಿಲ್ಲ. ಗುಂಡಿ ಒತ್ತಬೇಕೆಂದೇನೂ ಇಲ್ಲ, ಎದುರು ಯಾರಾದರೂ ಅಲುಗಾಡಿದರೆ ಸಾಕು, ಅದು ಚಿತ್ರ ಹಿಡಿಯುತ್ತದೆ. ಮಾತನ್ನೂ ಹಿಡಿಯುತ್ತದೆ. ಈ ಕಡೆಯವರು ಫೋನಿನಲ್ಲಿ ಮಾತಾಡಿದರೆ ಬಾಗಿಲಲ್ಲಿ ಕೇಳಿಸುತ್ತದೆ.

ನಾನು ಕಾಗದ ಮಡಚಿಟ್ಟು ಒಂದು ಲೋಟ ಚಹಾ ಮಾಡಿಕೊಂಡೆ. ನಾನು ದಿನಾ ಶಾಲೆಗೆ ಹೋದ ಮೇಲೆ ಭಾವ ನಮ್ಮ ಸಿಟೌಟಿಗೆ, ಎದುರಿನ ಜಗಲಿಗೆ, ಬಂದು ಕುಳಿತು ನಮ್ಮ ಮನೆಗೆ ಬರುವ ಪೇಪರ್ ಓದುತ್ತಾರೆ. ಗಾಳಿ ಬೀಸುವ ಜಾಗ ಅದು. ಶನಿವಾರ ಅವರ ಹೆಂಡತಿಯ ತಮ್ಮನೂ ಬಂದು ಸೇರುತ್ತಾನೆ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಊರಿನ ಮಾತೆಲ್ಲ ಆಡುತ್ತಾರೆ. ಅವರು ಕೂರುವ ಬೆಂಚು ಬಾಗಿಲ ಬದಿಯಲ್ಲೇ ಇದೆ.

ಗಂಡ ಬೆಳ್ತಂಗಡಿಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ಹೇಳುತ್ತೇನೆಂದರು. ಬೇಡವೆಂದೆ. ಹಾಕಿದವರ ಕೈಯಲ್ಲೇ ಅದರ ಕೀಲಿ ಇರುತ್ತದೆ. ಆ ಕೈ ನನ್ನದೇ ಆಗಬೇಕಿತ್ತು.

ನಮ್ಮ ಹಳೆಯ ಬೆಲ್ ಮನೆಯ ಕರೆಂಟಿನಲ್ಲೇ ನೇರವಾಗಿ ನಡೆಯುವಂಥದ್ದು. ಹೊಸತಕ್ಕೆ ಆ ಕರೆಂಟ್ ಕೊಟ್ಟರೆ ಸುಟ್ಟು ಕರಕಲಾಗುತ್ತದೆ. ಅದಕ್ಕೆ ಕಡಿಮೆ ವೋಲ್ಟೇಜ್ ಬೇಕು, ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಬೇಕು. ಬೆಳ್ತಂಗಡಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಮಗಳನ್ನು ನೋಡಲು ಹೋದ ಭಾನುವಾರ ಮೂಡುಬಿದಿರೆಯಲ್ಲಿ ಸಿಕ್ಕಿತು. ಹಾಸ್ಟೆಲಿನ ಗೇಟಿನಲ್ಲಿ ಮಗಳು ನನ್ನ ಚೀಲ ಇಣುಕಿ, "ಅಮ್ಮ, ಇದೆಂತಕ್ಕೆ?" ಎಂದಳು. "ಬೆಲ್ ಹಾಕ್ಲಿಕ್ಕೆ" ಎಂದೆ. ಅವಳಿಗೆ ಅಷ್ಟು ಸಾಕಿತ್ತು.

ಮುಂದಿನ ರಜೆಯ ದಿನ ಬೆಳಿಗ್ಗೆ ಮೈನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಹಳೆಯ ಬೆಲ್ಲನ್ನು ಬಿಚ್ಚಿದೆ. ಮೀಟರ್ ಬೋರ್ಡಿನ ಕೆಳಗೆ ಟ್ರಾನ್ಸ್‌ಫಾರ್ಮರ್ ಕೂರಿಸಿ, ಇನ್ವರ್ಟರಿನ ಲೈನಿಗೆ ಸೇರಿಸಿದೆ. ನಮ್ಮಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ, ಆ ಹೊತ್ತಿನಲ್ಲಿ ನನ್ನ ಬೆಲ್ ಕಣ್ಣು ಮುಚ್ಚಬಾರದು. ಬಾಗಿಲ ಕಡೆಗೆ ಹೋಗುವ ಹಳೆಯ ವಯರನ್ನೇ ಟ್ರಾನ್ಸ್‌ಫಾರ್ಮರಿನ ಆಚೆ ತುದಿಗೆ ಕಟ್ಟಿದೆ. ಆಮೇಲೆ ಬಾಗಿಲ ಬದಿಯ ಗೋಡೆಗೆ ಬ್ಯಾಟರಿ ಡ್ರಿಲ್ ಹಿಡಿದೆ. ಸಿಮೆಂಟಿನ ಪದರ ದಾಟಿದ್ದೇ ಮುರಕಲ್ಲು ಸಿಕ್ಕಿತು, ಕೆಂಪು ಹುಡಿ ಕೈಮೇಲೆಲ್ಲ ಉದುರಿತು. ಡ್ರಿಲ್ಲಿನ ಸದ್ದಿಗೆ ಭಾವ ಬಂದರು.

"ನೀನು ಎಂತ ಮಾಡುದು? ಹೆಂಗಸರು ಕರೆಂಟಿಗೆ ಕೈ ಹಾಕ್ಲಿಕ್ಕಿಲ್ಲ. ಜನ ಮಾಡಿ ಹಾಕಿಸ್ಬೇಕಿತ್ತು."

"ಮೈನ್ ಆಫ್ ಮಾಡಿದ್ದೇನೆ ಭಾವ."

ಅವರು ಬೆಂಚಿನ ಮೇಲೆ ಕುಳಿತು ನೋಡುತ್ತಲೇ ಇದ್ದರು. ಬೆಲ್ಲನ್ನು ಗೋಡೆಗೆ ಕೂರಿಸಿ ಸ್ಕ್ರೂ ಬಿಗಿಯುವಾಗ ಕೇಳಿದರು: "ಇದು ಬೆಲ್ ಒತ್ತಿದ್ರೆ ಮುಖ ಕಾಣುದಲ್ವಾ?"

"ಹೌದು ಭಾವ. ಒತ್ತಿದ್ರೆ ಮುಖ ಕಾಣ್ತದೆ."

ಕೇಳಿದ ಪ್ರಶ್ನೆಗಷ್ಟೇ ಉತ್ತರ ಬರೆಯಬೇಕೆಂದು ನಾನು ಮಕ್ಕಳಿಗೆ ಪ್ರತಿ ಪರೀಕ್ಷೆಗೂ ಮೊದಲು ಹೇಳುತ್ತೇನೆ. ಭಾವನಿಗೂ ಅಷ್ಟೇ ಉತ್ತರ ಕೊಟ್ಟೆ. ಬೆಲ್ಲಿನ ಜೊತೆ ಬಂದಿದ್ದ ಒಂದು ಬೆಣೆಯನ್ನು ಅದರ ಹಿಂದೆ ಕೊಟ್ಟು, ಕ್ಯಾಮೆರಾದ ಮುಖವನ್ನು ಸ್ವಲ್ಪ ಬೆಂಚಿನ ಕಡೆ ತಿರುಗಿಸಿದ್ದನ್ನು ಅವರು ಗಮನಿಸಲಿಲ್ಲ.

ವೈಫೈ ಒಳಕೋಣೆಯಿಂದ ಬಾಗಿಲವರೆಗೆ ತಲುಪುತ್ತಿರಲಿಲ್ಲ, ಅದರ ಪೆಟ್ಟಿಗೆಯನ್ನು ಟಿವಿಯ ಹತ್ತಿರ ತಂದಿಟ್ಟೆ. ಆ್ಯಪನ್ನು ನನ್ನ ಹೆಸರಿನಲ್ಲಿ ತೆರೆದು, ಗಂಡನಿಗೆ ನೋಡಲು, ಮಾತಾಡಲು ಮಾತ್ರ ಅವಕಾಶ ಕೊಟ್ಟೆ. ಎದುರು ಏನಾದರೂ ಅಲುಗಾಡಿದರೆ ಸೂಚನೆ ನನ್ನ ಫೋನಿಗೆ ಮಾತ್ರ ಬರುವ ಹಾಗೆ ಮಾಡಿದೆ. ಗಂಡ ಸಂಜೆ ಹೊತ್ತಿಗೆ ಮಾತ್ರ ತೆರೆದು ನೋಡುತ್ತಿದ್ದರೆಂದು ತೋರುತ್ತದೆ. ಹುಡುಗಿಯನ್ನು ಕರೆದೊಯ್ಯುವ ಅಪ್ಪನನ್ನು ನೋಡಿರಬೇಕು. ಆದರೂ ತಪ್ಪಾಯಿತೆಂದು ಹೇಳಲಿಲ್ಲ. ಅದನ್ನೂ ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಕಾಯುವುದು ನನಗೆ ಕಷ್ಟವಾಗಲಿಲ್ಲ. ಬಿಡುವಿನ ಪಿರಿಯಡ್‌ನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಭಾವ ಪೇಪರ್ ಮಗುಚುವ ಸದ್ದು, ಕೆಮ್ಮುವ ಸದ್ದು ಕೇಳುತ್ತಿದ್ದೆ. ಒಂದು ಶನಿವಾರ ಅವರು ತಮ್ಮ ಆ ಭಾವಮೈದನ ಹತ್ತಿರ ನನ್ನ ವಿಷಯ ಎತ್ತಿದರು. ಬೈಕಿನವನ ಮಾತು, ಗೋಡೆಗೆ ಕ್ಯಾಮೆರಾ ಇಡಿಸಿದ ಮಾತು, ಇಬ್ಬರದೂ ನಗು. ನಿಜ ಹೇಳುವುದಾದರೆ, ಖುಷಿಯಾಯಿತು.

ಆ ರೆಕಾರ್ಡನ್ನು ಆಗಲೇ ಗಂಡನಿಗೆ ಕಳಿಸಬಹುದಿತ್ತು. ಕಳಿಸಿದರೆ ಅಣ್ಣ ಏನೋ ಸಮಜಾಯಿಷಿ ಕೊಡುತ್ತಾರೆ, ತಮ್ಮ ಒಪ್ಪಿಕೊಳ್ಳುತ್ತಾರೆ. ಮಾತು ನಡೆಯುತ್ತಿರುವಾಗಲೇ ಗಂಡನ ಕಿವಿಗೆ ಬೀಳಬೇಕಿತ್ತು. ಶನಿವಾರ ಗಂಡನಿಗೆ ಅಲ್ಲಿ ರಜೆ. ಮುಂದಿನ ಶನಿವಾರ ಬೆಂಚಿನ ಮೇಲೆ ಇಬ್ಬರೂ ಬಂದು ಕುಳಿತದ್ದು ಆ್ಯಪಿನಲ್ಲಿ ಕಂಡ ಕೂಡಲೇ ಶಾಲೆಯಿಂದಲೇ ಅವರಿಗೆ ಫೋನ್ ಮಾಡಿದೆ. "ಬೆಲ್ಲಿನ ಆ್ಯಪ್ ತೆರೆಯಿರಿ. ಮಾತಾಡ್ಬೇಡಿ. ಸುಮ್ನೆ ಕೇಳಿ" ಎಂದು ಇಟ್ಟುಬಿಟ್ಟೆ.

ಮೊದಲು ಅಡಿಕೆಯ ರೇಟಿನ ಮಾತಾಯಿತು. ಯಾರದೋ ಗೃಹಪ್ರವೇಶದ ಮಾತಾಯಿತು. ಇವತ್ತು ನನ್ನ ವಿಷಯ ಬರದೇ ಹೋದರೆ ಎಂದು ಇಯರ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಆಗ ಭಾವಮೈದನೇ ಕೇಳಿದ: "ಆ ಬೈಕಿನವ ಈಗಲೂ ಬರ್ತಾನಾ ಭಾವ?"

"ಬರ್ತಾನೆ, ಬರ್ತಾನೆ. ಅವನು ಮಗಳನ್ನು ಕರ್ಕೊಂಡು ಹೋಗ್ಲಿಕ್ಕೆ ಬರುವವ ಮಾರಾಯ. ನನಗೆ ಮೊದಲೇ ಗೊತ್ತುಂಟು."

"ಮತ್ತೆ ನೀವು ಹಾಗೆ ಹೇಳಿದ್ದು?"

"ಅವಳಿಗೆ ಸ್ವಲ್ಪ ಹೆದರಿಕೆ ಬೇಡ್ವಾ? ಬಾವಿಗೆ ಪಂಪ್ ಹಾಕಿಸಿದ್ಳು, ನನ್ನ ಹತ್ರ ಕೇಳ್ಲಿಲ್ಲ. ಕಾರು ತಗೊಂಡ್ಳು, ಕೇಳ್ಲಿಲ್ಲ. ನಾನು ಇಲ್ಲಿ ಇರುದು ಎಂತಕ್ಕೆ? ನನ್ನ ತಮ್ಮನಿಗೆ ಬುದ್ಧಿ ಇಲ್ಲ. ನಾನು ಹಗಲನ್ನು ರಾತ್ರಿ ಅಂದ್ರೂ ಹೌದು ಅಂತಾನೆ ಆ ಬೆಪ್ಪ."

ನಗು ಕೇಳಿಸಿತು. ಆಮೇಲೆ ಗೋಡೆಯಿಂದ ನನ್ನ ಗಂಡನ ದನಿ ಬಂತು.

"ಅಣ್ಣ."

ಭಾವ ದಡಕ್ಕನೆ ಎದ್ದರು. ಮೊದಲು ಗೇಟಿನ ಕಡೆ ನೋಡಿದರು, ಆಮೇಲೆ ಮೇಲೆ ಮಾಡಿನ ಹಂಚಿನ ಕಡೆ. ಭಾವಮೈದನೇ ಬೆಲ್ಲಿನ ಕಡೆ ಕೈ ತೋರಿಸಿದ.

"ಅಣ್ಣ, ನಾನು ಎಲ್ಲಾ ಕೇಳಿದೆ."

ಭಾವನ ಮುಖ ಕ್ಯಾಮೆರಾದ ತೀರ ಹತ್ತಿರ ಬಂತು, ಬಾಯಿ ತೆರೆದೇ ಇತ್ತು, ತುಟಿಯ ಬದಿಯಲ್ಲಿ ಎಲೆ ಅಡಿಕೆಯ ಕೆಂಪು. "ಇಲ್ಲ ಮಾರಾಯ, ಅದು ತಮಾಷೆಗೆ..." ಎಂದರು. ಭಾವ ಮುಂಡು ಎತ್ತಿ ಕಟ್ಟಿಕೊಂಡು ದಾಸವಾಳದ ಗಿಡಗಳನ್ನು ಸರಿಸಿ ಹೋದರು. ಪೇಪರ್ ನೆಲದ ಮೇಲೆ ಬಿದ್ದಿತ್ತು. ಅವರು ಹೋಗುವುದನ್ನು ನಾನು ಆ ದಿನ ಎಷ್ಟೋ ಸಲ ಹಾಕಿ ನೋಡಿದೆ.

ಸಂಜೆ ಗಂಡ ಅತ್ತರು. "ನನ್ನದು ತಪ್ಪಾಯ್ತು. ಇನ್ನು ಇದನ್ನು ಇಲ್ಲಿಗೇ ಬಿಡುವ. ಮನೆಯ ಮಾತು ಮನೆಯಲ್ಲೇ ಇರ್ಲಿ" ಎಂದರು.

"ನನ್ನ ಮಾತು ಮನೆಯಲ್ಲೇ ಇತ್ತಾ? ಬಂಟ್ವಾಳದವರೆಗೆ ಹೋಯ್ತಲ್ಲ?" ಎಂದೆ.

ಫೋನ್ ಇಟ್ಟ ಮೇಲೆ ಆ್ಯಪಿನಿಂದ ಅವರ ಹೆಸರನ್ನು ತೆಗೆದುಹಾಕಿದೆ. ನನ್ನನ್ನು ಕಾಯಲು ಕಳಿಸಿದ ಕಣ್ಣು ಅದು. ಅದರ ಮೇಲೆ ಅವರ ಹಕ್ಕು ಮುಗಿದಿತ್ತು.

ಮುಂದಿನ ತಂಬಿಲಕ್ಕೆ ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಭಾವನೂ ಬಂದಿದ್ದರು. ಬರದಿದ್ದರೆ ಜನ ಕೇಳುತ್ತಾರಲ್ಲ. ಪೂಜೆ ಮುಗಿಯುವವರೆಗೆ ನಾನು ಏನೂ ಮಾಡಲಿಲ್ಲ, ನಾಗನ ಮುಂದೆ ಬೇಡವೆನಿಸಿತು. ಊಟಕ್ಕೆ ಮೊದಲು ಎಲ್ಲರೂ ಚಾವಡಿಯಲ್ಲಿದ್ದಾಗ ಸೋದರತ್ತೆಯ ಪಕ್ಕದಲ್ಲಿ ಕುಳಿತು ಕೇಳಿದೆ: "ಅತ್ತೆ, ಕಳೆದ ವರ್ಷ ನೀವು ನನ್ನ ಹತ್ರ ಒಂದು ಪ್ರಶ್ನೆ ಕೇಳಿದ್ರಿ, ನೆನಪುಂಟಾ? ಅದಕ್ಕೆ ಉತ್ತರ ತಂದಿದ್ದೇನೆ." ಫೋನಿನ ಸದ್ದನ್ನು ಪೂರ್ತಿ ಏರಿಸಿ ಅವರ ಮಡಿಲಲ್ಲಿಟ್ಟೆ.

ಭಾವನ ದನಿ ಚಾವಡಿಯಲ್ಲಿ ತುಂಬಿತು. ಅತ್ತೆ ಕಣ್ಣು ಕಿರಿದು ಮಾಡಿ ಚಿತ್ರವನ್ನು ಕೊನೆಯವರೆಗೂ ನೋಡಿದರು. ಆಮೇಲೆ ತಲೆಯೆತ್ತಿ ಭಾವನನ್ನು ಕೇಳಿದರು: "ಅವಳ ಜಗಲಿಯಲ್ಲಿ ಕೂತು, ಅವಳ ಪೇಪರ್ ಓದ್ತಾ, ಇದನ್ನು ಹೇಳಿದ್ದಾ ನೀನು?"

ಬಡಿಸುವ ಹೊತ್ತಿಗೆ ಭಾವ ಅಲ್ಲಿರಲಿಲ್ಲ. ನಾನು ಹೊಟ್ಟೆ ತುಂಬ ಊಟ ಮಾಡಿದೆ, ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡೆ. ಕಳೆದ ವರ್ಷ ನಂಬದೆ ತುರಿಯುತ್ತಿದ್ದವರೆಲ್ಲ ನನ್ನ ಎಲೆಗೆ ಬಡಿಸಲು ಪೈಪೋಟಿ ಮಾಡಿದರು. ಅವರ ಮೇಲೂ ನನಗೆ ಕನಿಕರ ಬರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಬೆಲ್ ಆಯಿತು. ಭಾವನ ಹೆಂಡತಿ. ನಾನು ಅಕ್ಕ ಎಂದೇ ಕರೆಯುವುದು. ಈ ಗಲಾಟೆಯಲ್ಲಿ ಅವರು ಒಂದು ಮಾತೂ ಆಡಿದವರಲ್ಲ. ಒಳಗೆ ಕರೆದು ಚಹಾ ಕೊಟ್ಟೆ. ಅವರು ಸೆರಗಿನ ತುದಿ ಸುತ್ತುತ್ತ ಹೇಳಿದರು: "ಮಗಳಿಗೆ ವೇಣೂರಿನಿಂದ ಒಂದು ಸಂಬಂಧ ಬಂದುಂಟು. ಆ ವಿಡಿಯೋ ಒಂದು ತೆಗೆದುಬಿಡು ಆಯ್ತಾ? ಅವರ ಕಿವಿಗೆ ಬಿದ್ರೆ ಕಷ್ಟ."

"ನಾನು ಯಾರಿಗೂ ಕಳಿಸುದಿಲ್ಲ ಅಕ್ಕ. ನಿಮ್ಮ ಮಗಳಿಗೆ ನನ್ನಿಂದ ತೊಂದರೆ ಬರ್ಲಿಕ್ಕಿಲ್ಲ."

"ತೆಗಿತೀಯಾ ಹಾಗಾದ್ರೆ?"

"ಇಲ್ಲ."

ಇನ್ನೊಂದು ಸಲ ಕೇಳುತ್ತಾರೇನೋ ಎಂದುಕೊಂಡೆ. ಕೇಳಲಿಲ್ಲ. ಚಹಾ ಕುಡಿದು ಮುಗಿಸಿ, ಲೋಟ ತೊಳೆಯಲು ಎದ್ದರು; ನಾನು ಬೇಡವೆಂದು ತೆಗೆದುಕೊಂಡೆ. ಮದುವೆ ಚೆನ್ನಾಗಿಯೇ ಆಯಿತು. ಗಂಡ ರಜೆ ಹಾಕಿ ಬಂದಿದ್ದರು, ನಾನೂ ಹೋಗಿ ಮದುಮಗಳಿಗೆ ಅಕ್ಷತೆ ಹಾಕಿ ಬಂದೆ. ಭಾವ ನನ್ನನ್ನು ಕಂಡು ಬೇರೆ ಕಡೆ ತಿರುಗಿದರು, ನಾನು ತಿರುಗಲಿಲ್ಲ. ವಿಡಿಯೋ ನನ್ನ ಫೋನಿನಲ್ಲಿ ಹಾಗೆಯೇ ಇದೆ.