ಅತ್ತಿಗೆಯ ಅಂಗಡಿಗೆ ಅಂಚೆ ಬಂದದ್ದು

ನಾನು ಹೇಳುವ ಯಾವ ಸಂಗತಿಯೂ ನಾನು ಹೇಳಿದ ಹಾಗೆ ನಡೆದಿರುವುದಿಲ್ಲ ಎನ್ನುವುದು ಅತ್ತಿಗೆಯ ಹಳೆಯ ದೂರು. ಒಪ್ಪಿದ್ದೇನೆ. ನನ್ನ ನೆನಪು ಒಬ್ಬ ಒಳ್ಳೆಯ ದರ್ಜಿ. ಬಟ್ಟೆ ಎಷ್ಟೇ ಹರಿದಿರಲಿ, ಅಂಚು ಮಡಿಸಿ ಹೊಲಿದು ಕೊಡುತ್ತದೆ. ಆದ್ದರಿಂದ ತೋಡಾರಿನ ನಮ್ಮ ಅಂಗಡಿಗೆ ಅಂಚೆಯ ಪರವಾನಗಿ ಬಂದ ಈ ಕಥೆಯಲ್ಲಿ ಎಲ್ಲಾದರೂ ತೀರ ಅಂದವಾದ ಹೊಲಿಗೆ ಕಂಡರೆ ಸ್ವಲ್ಪ ಎಳೆದು ನೋಡಿ.

ನಮ್ಮ ಅಂಗಡಿ ಎಂದದ್ದು ಬಾಯಿಮಾತು. ಅಂಗಡಿ ಅತ್ತಿಗೆಯದು, ನಾನು ಬರೆಯಲು ಏನೂ ಹೊಳೆಯದಾಗ, ಅಂದರೆ ಸಾಮಾನ್ಯವಾಗಿ ದಿನವಿಡೀ, ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವವನು. ಝೆರಾಕ್ಸ್ ನಂಬಿಕೊಂಡು ಹಾಕಿದ ಅಂಗಡಿ ಅದು. ಈಗ ಊರಿನ ಕಾಗದಪತ್ರಗಳೆಲ್ಲ ಮೊಬೈಲಿನೊಳಗೆ ಹೋಗಿ ಕೂತಿವೆ. ಯಂತ್ರಕ್ಕೆ ಬಿಸಿಯೇ ಏರದೆ, ಅದರ ಮೇಲೆ ಮಲಗುತ್ತಿದ್ದ ಪಕ್ಕದ ಮನೆಯ ಬೆಕ್ಕು ಕೂಡ ಬೇರೆ ಜಾಗ ನೋಡಿಕೊಂಡಿತು. ಆಗ ಅತ್ತಿಗೆ ಅಂಚೆ ಇಲಾಖೆಯ ಫ್ರಾಂಚೈಸಿಗೆ ಅರ್ಜಿ ಹಾಕಿದರು. ಸ್ಪೀಡ್ ಪೋಸ್ಟ್ ತೆಗೆದುಕೊಳ್ಳಬಹುದು, ಅಂಚೆಚೀಟಿ ಮಾರಬಹುದು. "ಇದೂ ಆಗದಿದ್ದರೆ ಷಟರ್ ಎಳೆಯುವುದೇ, ಮತ್ತೇನಿಲ್ಲ" ಎಂದಿದ್ದರು. ತಮಾಷೆಗಲ್ಲ.

ಅಷ್ಟರಲ್ಲಿ ಮರುದಿನವೇ ಅಂಚೆಯ ಇನ್‌ಸ್ಪೆಕ್ಟರು ಅಂಗಡಿ ನೋಡಲು ಬರುತ್ತಾರೆಂದು ಫೋನು ಬಂತು. ಅತ್ತಿಗೆಗೆ ಖುಷಿಗಿಂತ ಮೊದಲು ಹೆದರಿಕೆ ಬಂತು. ಕಾರಣ ಉಂಟು. ನಮ್ಮ ಕಡೆ ಕಾಗದ, ಔಷಧಿ, ಮರೆತುಹೋದ ಕನ್ನಡಕ, ಎಲ್ಲವೂ ಪ್ರಯಾಣ ಮಾಡುವುದು ಖಾಸಗಿ ಬಸ್ಸಿನಲ್ಲಿ. ಕಂಡಕ್ಟರನ ಕೈಗೆ ಕೊಟ್ಟು, ಇಳಿಸಿಕೊಳ್ಳುವವರಿಗೆ ಫೋನು ಮಾಡಿದರೆ ಮುಗಿಯಿತು. ಹಿಂದೆ ಅಂಚೆಯವನು ಗೆಜ್ಜೆ ಕಟ್ಟಿದ ಕೋಲು ಹಿಡಿದು ಕಾಡಿನಲ್ಲಿ ಓಡುತ್ತಿದ್ದನಂತೆ. ಆ ಗೆಜ್ಜೆಯ ಕೆಲಸವನ್ನು ನಮ್ಮ ರಸ್ತೆಯಲ್ಲಿ ಬಸ್ಸಿನ ಹಾರ್ನು ಮಾಡುತ್ತದೆ. ಬಸ್ಸು ಬರುವವರೆಗೆ ಕಾಯಲು ಪುರುಸೊತ್ತಿಲ್ಲದವರು ತಮ್ಮ ಕವರುಗಳನ್ನು ಅತ್ತಿಗೆಯ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಹಾರ್ನು ಕೇಳಿದ ಕೂಡಲೇ ಅತ್ತಿಗೆ ಓಡಿಹೋಗಿ ಕೊಡುತ್ತಿದ್ದರು. ಬಿಟ್ಟಿ ಸೇವೆ.

"ಪೋಸ್ಟಿನವರ ಕಣ್ಣೆದುರು ನಾವೇ ಪೋಸ್ಟ್ ನಡೆಸಿದರೆ ಅವರು ಸುಮ್ಮನಿರ್ತಾರಾ? ನಾಳೆ ಯಾರೂ ಬರುವುದು ಬೇಡ ಅಂತ ಎಲ್ಲರಿಗೂ ಹೇಳಿ ಬಾ ಮಾರಾಯ" ಎಂದರು. ನಾನು ಹೇಳಿ ಬಂದೆ.

ದೊಡ್ಡವರು ನೋಡಲು ಬರುತ್ತಾರೆಂದರೆ ಇರುವುದನ್ನು ಅಡಗಿಸುವುದು ನಮ್ಮ ರಕ್ತದಲ್ಲೇ ಇದೆ. ನಾನು ಓದಿದ ಶಾಲೆಯಲ್ಲಿ ತನಿಖೆಯ ದಿನ ಗಲಾಟೆಯ ಹುಡುಗರನ್ನೆಲ್ಲ ಗುಡ್ಡೆಗೆ ಕಟ್ಟಿಗೆ ತರಲು ಕಳುಹಿಸುತ್ತಿದ್ದರು. ಗುಡ್ಡೆಯಲ್ಲಿ ನಾನೂ ಇದ್ದೆನೋ, ಅಥವಾ ಇದ್ದಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಅಂತೂ ಮರುದಿನ ನಮ್ಮ ಅಂಗಡಿ ಲಕಲಕ ಹೊಳೆಯುತ್ತಿತ್ತು. ಗೋಡೆ, ಮೇಜು, ಕಂಪ್ಯೂಟರು, ಹೊಸ ಸೀರೆಯಲ್ಲಿ ಅತ್ತಿಗೆ. ಒಂದು ನರಪಿಳ್ಳೆ ಇಲ್ಲ.

ಇನ್‌ಸ್ಪೆಕ್ಟರು ಘಟ್ಟದ ಮೇಲಿನವರು. ಎಲ್ಲ ನೋಡಿ, ರಸ್ತೆಯ ಆಚೆಗೂ ಈಚೆಗೂ ಕಣ್ಣಾಡಿಸಿ, ಕೇಳಿದರು: "ಎಲ್ಲಾ ಸರಿಯಾಗಿದೆ. ಆದ್ರೆ ಜನಾನೇ ಬರೋದಿಲ್ವಲ್ಲಮ್ಮಾ? ವ್ಯವಹಾರ ಇಲ್ಲದ ಕಡೆ ಕೊಡೋಕಾಗಲ್ಲ."

"ಬರ್ತಾರೆ ಸಾರ್, ತುಂಬ ಜನ ಬರ್ತಾರೆ."

"ಎಲ್ಲಿ?"

ಎಲ್ಲಿ ಎಂದರೆ, ಎದುರಿನ ಹೋಟೆಲಿನಲ್ಲಿ. ಊರಿನವರು ಸಾಲಾಗಿ ಕೂತು ಚಾ ಕುಡಿಯುತ್ತ, ನಮ್ಮ ಮಾತಿಗೆ ಬೆಲೆ ಕೊಟ್ಟು, ಅಂಗಡಿ ಮುಳುಗುವುದನ್ನು ಬಹಳ ಶಿಸ್ತಿನಿಂದ ನೋಡುತ್ತಿದ್ದರು.

ಆಗ ಬಂದವರು ನಫೀಸಕ್ಕ. ಅವರ ಮನೆ ನಮ್ಮ ಅಂಗಡಿಯ ಹಿಂದೆಯೇ. ಕಲ್ಲಡ್ಕದ ತಂಗಿಯ ಮನೆಗೆ ಹೋಗಿದ್ದವರು ಅದೇ ಬೆಳಿಗ್ಗೆ ಹಿಂದಿರುಗಿದ್ದರು, ನನ್ನ ಡಂಗುರ ಅವರಿಗೆ ಮುಟ್ಟಿರಲಿಲ್ಲ. ಸೀದಾ ಒಳಗೆ ಬಂದು ಒಂದು ದಪ್ಪ ಕವರನ್ನು ಮೇಜಿನ ಮೇಲೆ ಇಟ್ಟರು. "ಮಗಳ ಹಾಸ್ಟೆಲಿಗೆ. ಮುಂದಿನ ಬಸ್ಸಿಗೆ ಕೊಡು, ಆಯ್ತಾ?"

ಇನ್‌ಸ್ಪೆಕ್ಟರು ಕವರನ್ನು ನೋಡಿದರು. ಅತ್ತಿಗೆಯನ್ನು ನೋಡಿದರು. "ಏನಮ್ಮಾ ಇದು?"

ನನ್ನ ನೆನಪಿನಲ್ಲಿ ಅತ್ತಿಗೆ ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, ಸತ್ಯ ಹೇಳುತ್ತಾರೆ. ಅತ್ತಿಗೆಯ ಪ್ರಕಾರ ಅವರು ಏಳಲೇ ಇಲ್ಲ, ಕೂತಲ್ಲಿಂದಲೇ ಹೇಳಿದ್ದು. ಮಾತಿನ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ: "ಇಲ್ಲಿ ಇಟ್ಟು ಹೋಗ್ತಾರೆ ಸಾರ್. ನಾನು ಬಸ್ಸಿಗೆ ಕೊಡ್ತೇನೆ. ಇವತ್ತು ಬರಬೇಡಿ ಅಂತ ನಾನೇ ಹೇಳಿದ್ದು."

ನಫೀಸಕ್ಕನಿಗೆ ರೇಗಿತು. "ಬರಬೇಡಿ ಅಂತಲಾ? ಮತ್ತೆ ನಾವು ಎಲ್ಲಿಗೆ ಹೋಗುವುದು? ಮೂಡುಬಿದಿರೆಗಾ? ಇವರು ಯಾರು, ಅಂಗಡಿ ಮುಚ್ಚಿಸ್ಲಿಕ್ಕೆ ಬಂದವರಾ?"

ಆ ಧ್ವನಿ ಹೋಟೆಲಿಗೆ ಕೇಳಿತು. ನಿಷೇಧ ತೆರವಾಯಿತೆಂದು ಅಲ್ಲಿ ಕೂತವರು ತಿಳಿದರು. ಒಬ್ಬರ ಹಿಂದೆ ಒಬ್ಬರು ಚಾ ಬಿಟ್ಟು ರಸ್ತೆ ದಾಟಿದರು. ಮದುವೆಯ ಕಾಗದ, ಜಾತಕದ ಪ್ರತಿ, ಪುತ್ತಿಗೆಯ ಮೇಷ್ಟ್ರ ಬಿಪಿ ಮಾತ್ರೆ, ಮೇಜು ತುಂಬಿತು. ಇನ್‌ಸ್ಪೆಕ್ಟರು ಕೂತಿದ್ದ ಕುರ್ಚಿಯನ್ನು ಯಾರೋ "ಸ್ವಲ್ಪ ಆಚೆ ಸಾರ್" ಎಂದು ಸರಿಸಿಯೂ ಬಿಟ್ಟರು.

ಇನ್‌ಸ್ಪೆಕ್ಟರು ಗೋಡೆಗೊರಗಿ ನಿಂತು ನಗಲು ಶುರುಮಾಡಿದರು. "ಇಷ್ಟು ಜನಾನ ಅಡಗಿಸಿಟ್ಟು ನನಗೆ ಖಾಲಿ ಅಂಗಡಿ ತೋರಿಸಿದ್ರಾ? ನಾನು ನೋಡೋಕೆ ಬಂದದ್ದೇ ಇವರನ್ನ ಕಣಮ್ಮಾ! ಬೋರ್ಡು ಬಂದ ಮೇಲೆ ಬಸ್ಸಿಗೆ ಕೊಡೋದು ಬಿಟ್ಟು ಇಲ್ಲೇ ಬುಕ್ ಮಾಡಿ."

ಪರವಾನಗಿ ಬಂತು. ಕೆಂಪು ಬೋರ್ಡು ಏರಿತು. ಹೋಟೆಲಿನವರು ಅಂದು ಎಲ್ಲರಿಗೂ ಚಾ ಕೊಟ್ಟರು, ಬಸ್ಸಿನ ಕಂಡಕ್ಟರ್ ತನ್ನ ಹೊರೆ ಇಳಿಯಿತೆಂದು ಇಳಿದು ಬಂದು ಅತ್ತಿಗೆಗೆ ಕೈಮುಗಿದ. ಕೈಮುಗಿದದ್ದು ಖಂಡಿತ ನಾನು ಸೇರಿಸಿದ್ದು ಎನ್ನುತ್ತಾರೆ ಅತ್ತಿಗೆ. ಇರಲಿ, ನಾನು ತೆಗೆಯುವುದಿಲ್ಲ. ಗೆದ್ದ ದಿನಕ್ಕೆ ಒಂದು ನಮಸ್ಕಾರ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ.

ಮೊದಲ ಸ್ಪೀಡ್ ಪೋಸ್ಟ್ ನಫೀಸಕ್ಕನದು, ಹಾಸನದ ತಮ್ಮನಿಗೆ. ಅತ್ತಿಗೆ ಕವರನ್ನು ತೂಗಿದರು, ಪಿನ್‌ಕೋಡ್ ಕೇಳಿದರು, ಫೋನ್ ನಂಬರ್ ಕೇಳಿದರು, ಕೊನೆಗೆ ಯಂತ್ರದಿಂದ ಹೊರಬಂದ ರಸೀದಿಯನ್ನು ಎರಡೂ ಕೈಗಳಿಂದ ಹಿಡಿದು ಕೊಟ್ಟರು.

ನಫೀಸಕ್ಕ ಮುಖ ಸಣ್ಣ ಮಾಡಿದರು. "ಇದೆಂತಕ್ಕೆ? ನಿನ್ನ ಮೇಲೆ ನನಗೆ ನಂಬಿಕೆ ಇಲ್ಲವಾ?"

"ನಂಬಿಕೆ ಉಂಟು ನಫೀಸಕ್ಕ, ಅದು ನಿಮ್ಮತ್ರ ಮೊದಲೇ ಇತ್ತು" ಎಂದರು ಅತ್ತಿಗೆ. "ಕೊಡ್ಲಿಕ್ಕೆ ನನ್ನತ್ರ ಇವತ್ತು ರಸೀದಿಯೂ ಉಂಟು. ತಕೊಳ್ಳಿ."