ಹಲಗೆಗೆ ಹೊಟ್ಟೆ ಬಂದದ್ದು

ಸುಂಟಿಕೊಪ್ಪದಲ್ಲಿ ನನ್ನಷ್ಟು ಚೆನ್ನಾಗಿ ಎಲೆಕ್ಟ್ರಿಕ್ ಗಿಟಾರು ನುಡಿಸುವವನು ಇನ್ನೊಬ್ಬನಿಲ್ಲ. ಎಲೆಕ್ಟ್ರಿಕ್ ಗಿಟಾರು ಇಟ್ಟುಕೊಂಡವನೇ ಇನ್ನೊಬ್ಬನಿಲ್ಲ, ಆ ಮಾತು ಬೇರೆ.

ನನ್ನ ಜೊತೆಗಾರ ಶ್ರೀಮಂಗಲದವನು. ಅವನದು ಟೊಳ್ಳು ಹೊಟ್ಟೆ ಇರುವ ಮರದ ಗಿಟಾರು, ನನ್ನದು ಗಟ್ಟಿ ಹಲಗೆ. ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಒಟ್ಟಿಗೆ ನುಡಿಸಿದೆವು. ಅದು ನಿಂತ ಮೇಲೂ ಭಾನುವಾರದ ಬಸ್ಸಿಗೆ ಗಿಟಾರು ಹೊತ್ತು ನನ್ನ ಮನೆಗೆ ಬರುತ್ತಿದ್ದ. ಹೋದ ವರ್ಷ ಆ ಗಿಟಾರಿನ ಕತ್ತಿನ ಹತ್ತಿರ ಬಿರುಕು ಬಿಟ್ಟಿತು. ಬರುವುದನ್ನೇ ನಿಲ್ಲಿಸಿದ.

"ಬರಿಗೈಲಿ ಬಂದು ನಿನ್ನ ಮುಖ ನೋಡ್ಲಾ?" ಎಂದ.

ನೋಡಬಹುದಿತ್ತು. ಅಂಥ ಕೆಟ್ಟ ಮುಖವೇನಲ್ಲ.

ಬಸ್ಸಿನ ಹಾರ್ನ್ ಕೇಳಿದಾಗೆಲ್ಲ ಗಿಟಾರಿನ ದನಿ ಹೊರಡಿಸುವ ಆಂಪ್ ಆರಿಸಿ ಬಾಗಿಲಿಗೆ ಹೋಗುತ್ತಿದ್ದೆ. ಇಳಿದವರೆಲ್ಲ ಸಂತೆಯ ಕಡೆ ನಡೆಯುತ್ತಿದ್ದರು.

ಕೊನೆಗೆ ಒಂದು ಕುಚೇಷ್ಟೆ ಹೂಡಿದೆ. ನಾನೇ ಮರದ ಗಿಟಾರು ಕೊಂಡಿದ್ದೇನೆಂದು ನಂಬಿಸಿದರೆ, ಅದನ್ನು ಮುಟ್ಟುವ ಆಸೆಗಾದರೂ ಬಸ್ಸು ಹತ್ತಿಯಾನು. ಬಂದ ಮೇಲೆ ಬೈಸಿಕೊಂಡರಾಯಿತು.

ದನಿ ಹಿಡಿದು ಆಂಪಿಗೆ ಕಳಿಸುವ ಪಿಕಪ್ಪುಗಳಲ್ಲಿ ಪೀಜೋ ಎಂಬುದೊಂದನ್ನು ತರಿಸಿದೆ. ಮಾಮೂಲಿ ಪಿಕಪ್ಪಿನ ಅಯಸ್ಕಾಂತಕ್ಕೆ ತಂತಿಯ ಅಲುಗಾಟ ಮಾತ್ರ ಗೊತ್ತು. ಪೀಜೋ ಮರದ ನಡುಕವನ್ನೂ ಹಿಡಿಯುತ್ತದೆ. ಕುಶಾಲನಗರದ ರೇಡಿಯೋ ರಿಪೇರಿಯವರ ಮುಂದೆ ಇಟ್ಟು, "ಇದನ್ನ ಕುದುರೆ ಕೆಳಗೆ ಕೂರಿಸ್ಬೇಕು" ಎಂದೆ.

"ಲಾಳ ಹೊಡೆಯೋರು ಈ ಬೀದೀಲಿ ಯಾರೂ ಇಲ್ಲ ಸಾರ್!"

ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿಗೇ ಕುದುರೆ ಎನ್ನುತ್ತಾರೆಂದು ತೋರಿಸಿಕೊಡಬೇಕಾಯಿತು.

ಮೊದಲ ದಿನ ಬಾತುಕೋಳಿ ಕೂಗಿದಂತಿತ್ತು. ದನಿಗೆ ಬಲ ಕೊಡುವ ಪ್ರೀಆಂಪ್ ಸೇರಿಸಿದೆ, ದಪ್ಪ ತಂತಿ ಕಟ್ಟಿದೆ, ನಡುದನಿ ಇಳಿಸಿ ತಗ್ಗುದನಿ ಏರಿಸಿದೆ, ಉಗುರು ಕತ್ತರಿಸಿ ಬೆರಳಿನ ಮಾಂಸದಿಂದ ಮೀಟಿದೆ. ಅಂಗಿಯ ಗುಂಡಿ ಹಲಗೆಗೆ ತಾಗಿದರೂ ಆಂಪು ಟಕ್ಕೆನ್ನುತ್ತಿತ್ತು. ಬನಿಯನ್ನಿನಲ್ಲೇ ಕೂತೆ. ಒಂದು ತಿಂಗಳಿಗೆ ಮರ ಮಾತಾಡಿತು.

ಫೋನನ್ನು ಆಂಪಿನ ಮುಂದಿಟ್ಟು ನುಡಿಸಿದೆ.

"ಕೇಳಿದ್ಯಾ? ಹೊಟ್ಟೆ ಇರೋದು ತಗೊಂಡೆ."

"ಹೋಗೋ, ನಿನ್ನ ಹಲಗೆ ಅದು."

"ಕಿವಿ ತೊಳ್ಕೊಂಡು ಕೇಳು."

ಮತ್ತೆ ನುಡಿಸಿದೆ.

"ಹಂಗಾದ್ರೆ ಪೆಟ್ಟಿಗೆ ತಟ್ಟು ನೋಡಣ."

ಹಲಗೆಯನ್ನು ತಟ್ಟಿದರೆ ಆಂಪಿನಲ್ಲಿ ಏನೂ ಕೇಳದೆಂಬುದು ಮೂವತ್ತು ವರ್ಷದಿಂದ ಅವನಿಗೆ ಗೊತ್ತು; ಪೀಜೋ ಗೊತ್ತಿಲ್ಲ. ಕುದುರೆಯ ಪಕ್ಕ ಹೆಬ್ಬೆರಳಿನಿಂದ ತಟ್ಟಿದೆ. ದುಬ್ ಎಂದಿತು. ಅವನನ್ನು ಇಷ್ಟು ಚೆನ್ನಾಗಿ ಹಿಂದೆಂದೂ ಬೇಸ್ತು ಬೀಳಿಸಿರಲಿಲ್ಲ.

"ಹೌದಲ್ಲೋ!" ಎಂದ. ಆಮೇಲೆ, "ಒಳ್ಳೇದಾಯ್ತು ಬಿಡು. ನಂದಕ್ಕೆ ಅಂಟು ಹಾಕ್ಸಿದ್ದೆ. ಈ ಭಾನುವಾರ ಹೊತ್ಕೊಂಡು ಬರಣ ಅಂತಿದ್ದೆ. ಇನ್ಯಾಕೆ? ಮೊಣಕಾಲೂ ಸರಿ ಇಲ್ಲ. ಮರದ್ದೂ ನೀನೇ ನುಡಿಸ್ಕೋ ಮಾರಾಯ."

"ಏ, ಸುಳ್ಳು ಕಣೋ! ಅದೇ ಹಲಗೆ. ಕುದುರೆ ಕೆಳಗೆ ಪೀಜೋ ಹಾಕ್ಸಿದೀನಿ ಅಷ್ಟೇ."

"ಕುದುರೆನೂ ಇಲ್ಲ, ಕತ್ತೆನೂ ಇಲ್ಲ. ತಟ್ಟಿದ್ದು ಕಿವಿಯಾರೆ ಕೇಳಿದೀನಿ. ನಿನ್ನ ಆಟಕ್ಕೆ ಬೇಸ್ತು ಬೀಳಕ್ಕೆ ನಾನೇನು ದಡ್ಡನಾ?"

ನಗುತ್ತಲೇ ಫೋನ್ ಇಟ್ಟ. ಮತ್ತೆ ಮಾಡಿದೆ, ತೆಗೆಯಲಿಲ್ಲ.

ಗಿಟಾರಿನ ಸ್ವಿಚ್ಚಿಗೆ ಈಗ ಮೂರು ಜಾಗ. ಒಂದು ಕಡೆ ನನ್ನ ದನಿ, ಇನ್ನೊಂದು ಕಡೆ ಅವನದು, ನಡುವೆ ಎರಡೂ. ನಡುವೆ ಇಟ್ಟು ಹಳೆಯ ಹಾಡೊಂದನ್ನು ಶುರು ಮಾಡಿದೆ. ಎರಡೂ ದನಿ ಒಂದೇ ಗಳಿಗೆಗೆ ಬಂದವು. ಅವನು ಯಾವತ್ತೂ ಚೂರು ಹಿಂದೆ ಬರುತ್ತಿದ್ದ, ಪ್ರತಿ ಸಲವೂ ಬೈದಿದ್ದೆ. ಅರ್ಧಕ್ಕೇ ಬಿಟ್ಟೆ.

ಹಲಗೆಯನ್ನು ಹೊತ್ತು ಶ್ರೀಮಂಗಲಕ್ಕೆ ಹೋಗಿ ತೋರಿಸಿದರೆ ಮುಗಿಯಿತು. ಮೂರು ಭಾನುವಾರದಿಂದ ಹೊರಡುತ್ತಲೇ ಇದ್ದೇನೆ. ಹಲಗೆಯನ್ನು ಕಣ್ಣಾರೆ ನೋಡಿದ ಮೇಲೂ ಅವನು ಮೊಣಕಾಲಿನ ಮಾತೇ ತೆಗೆದರೆ, ನನ್ನ ಹತ್ತಿರ ಬೇರೆ ಉಪಾಯವಿಲ್ಲ.