ಗಾನವಿಯ ತಕ್ಕಡಿ, ಶಿವಮಲ್ಲಪ್ಪನವರ ಕಾಲ್ಬೆರಳು

ಬೆಳಗಿನ ಆರೂಕಾಲು. ನಂಜನಗೂಡಿನ ಖಾಸಗಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದದ್ದಷ್ಟೇ, ಗಾನವಿ ಒಂದು ಇಡ್ಲಿ ಎತ್ತಿ ಅಂಗೈಯಗಲದ ತಕ್ಕಡಿಯ ಮೇಲಿಡುತ್ತಾರೆ. ಅರವತ್ತೆಂಟು ಗ್ರಾಂ. ಇನ್ನೊಂದು, ಎಂಬತ್ತು. ಅಡುಗೆಯ ಪ್ರೇಮ್‌ಕುಮಾರ್ ಮುಖ ಗಂಟಿಕ್ಕಿಕೊಂಡು ನಿಂತಿದ್ದಾರೆ. "ಇಡ್ಲಿ ತೂಗಾಕೆ ಇದೇನ್ ಚಿನ್ನದಂಗ್ಡಿಯೇನವ್ವಾ?" ಎನ್ನುತ್ತಾರೆ. "ಶುಗರ್‌ನೋರಿಗೆ ಎರಡು ಅಂತ ಬರ್ದಿದೀನಲ್ಲಾ ಅಣ್ಣಾ. ನಿಮ್ಮ ಎರಡು ಎಷ್ಟು ಅಂತ ಗೊತ್ತಾಗ್ಬೇಕಲ್ವಾ" ಎಂದ ಗಾನವಿ ದೊಡ್ಡದನ್ನು ಪಕ್ಕಕ್ಕಿಡುತ್ತಾರೆ.

ನನಗೂ ಅನುಮಾನವೇ. ಡಯಟ್ ಎಂದವರನ್ನು ಕಂಡರೆ ಸಾಕು, ನನ್ನ ಕೈ ತಾನಾಗಿ ಜೇಬು ಮುಟ್ಟಿ ನೋಡಿಕೊಳ್ಳುತ್ತದೆ. ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುವ ಪುಡಿ ಮಾರುವವರು ನನ್ನ ಫೋನಿನೊಳಗೇ ನಾಲ್ಕು ಜನ ಇದ್ದಾರೆ. ಪತ್ರಿಕೆಯವನು ಬರುತ್ತಾನೆಂದು ತಕ್ಕಡಿ ಹೊರಗೆ ಬಂದಿರಬಹುದು ಎಂದುಕೊಂಡು ಮರುವಾರ ಹೇಳದೆ ಕೇಳದೆ ಹೋದೆ. ಅದೇ ಹೊತ್ತು, ಅದೇ ತಕ್ಕಡಿ, ಪ್ರೇಮ್‌ಕುಮಾರರ ಅದೇ ಗಂಟುಮುಖ.

ಮೂಗೂರಿನ ಗಾನವಿಗೆ ಇಪ್ಪತ್ಮೂರು ವರ್ಷ. ಮೈಸೂರಿನಲ್ಲಿ ಪಥ್ಯಾಹಾರದ ಎಂ.ಎಸ್ಸಿ. ಓದು ಕೊನೆಯ ಹಂತದಲ್ಲಿದೆ. ಆರು ತಿಂಗಳ ಆಸ್ಪತ್ರೆ ತರಬೇತಿ ಮುಗಿಸಿ ಪರೀಕ್ಷೆ ಪಾಸು ಮಾಡಿದರೆ ನೋಂದಾಯಿತ ಡಯಟೀಷಿಯನ್. ವಾರವಿಡೀ ನಂಜನಗೂಡಿನ ಚಿಕ್ಕಮ್ಮನ ಮನೆಯಲ್ಲಿ ವಾಸ. ಶನಿವಾರ ಸಂಜೆ ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಊರಿಗೆ. ದಿನಕ್ಕೆ ಮೂವತ್ತನಾಲ್ಕು ತಟ್ಟೆ ಅವರ ಕಣ್ಣೆದುರು ಹಾದುಹೋಗುತ್ತವೆ. ಹನ್ನೊಂದು ಸಕ್ಕರೆ ಕಾಯಿಲೆಯವರದು, ನಾಲ್ಕು ಉಪ್ಪು ಕಡಿಮೆಯದು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ತಂದೆ ರುದ್ರೇಶ್ ಅವರಿಗೆ ಮಗಳ ಓದನ್ನು ವಿವರಿಸುವುದೇ ದೊಡ್ಡ ಪಾಡು. "ಉಣ್ಣೋದ್ ಏಳ್ಕೊಡಾಕೂ ಕಾಲೇಜಾ ಅಂತಾರೆ ಸಾ ಜನ. ಅದಕ್ಕೇ ಅಪ್ಪ ಈಗ ನರ್ಸ್ ಅಂತ ಏಳ್ಬುಡ್ತಾರೆ" ಎಂದು ಗಾನವಿ ನಗುತ್ತಾರೆ. ಆ ನಗುವಿನಲ್ಲಿ ಬೇಸರವೂ ಇದೆ.

ಆ ಓದಿಗೆ ನಿಜವಾದ ಪರೀಕ್ಷೆ ಇಟ್ಟವರು ಕವಲಂದೆಯ ಶಿವಮಲ್ಲಪ್ಪ. ಅರವತ್ತೆರಡರ ರೈತ, ಬಲಗಾಲಿನ ಹೆಬ್ಬೆರಳಲ್ಲಿ ಮಾಯದ ಹುಣ್ಣು. ಮೂರು ವಾರದೊಳಗೆ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ತಿಂದದ್ದೆಲ್ಲ ಬರೆದಿಡಲು ಗಾನವಿ ಒಂದು ಪುಸ್ತಕ ಕೊಟ್ಟರು. ಸೊಸೆ ನಯನ ಬರೆದು ತಂದರು: ಹೊತ್ತಿಗೆ ಅರ್ಧ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಒಂದು ಚಿತ್ತು ಕೂಡ ಇಲ್ಲ. ಸಕ್ಕರೆ ಮಾತ್ರ ಮುನ್ನೂರು ಬಿಟ್ಟು ಕೆಳಗಿಳಿಯಲಿಲ್ಲ.

ಅಲ್ಲಿಂದ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಸೊಸೆ ಸುಳ್ಳು ಬರೆಯುತ್ತಿದ್ದಾಳೆಂದು ಗಾನವಿಗೆ. ಮಾವ ಕದ್ದು ತಿನ್ನುತ್ತಿದ್ದಾರೆಂದು ಸೊಸೆಗೆ. ಈ ಹುಡುಗಿಗೆ ಏನೂ ಗೊತ್ತಿಲ್ಲವೆಂದು ಶಿವಮಲ್ಲಪ್ಪನವರ ಹೆಂಡತಿ ಗುರುಬಸಮ್ಮನಿಗೆ. "ನಂಜುಂಡೇಶ್ವರನಾಣೆಗೂ ಬರ್ದಿರೋದ್ ಬಿಟ್ರೆ ಒಂದಗುಳ್ ತಿಂದಿಲ್ಲ ಕೂಸೇ" ಎಂದರು ಶಿವಮಲ್ಲಪ್ಪ.

ಒಂದು ಭಾನುವಾರ ಗಾನವಿ ಊರಿಗೆ ಹೋಗದೆ ಕವಲಂದೆಯ ಮೊದಲ ಬಸ್ಸು ಹತ್ತಿದರು. ಆ ಮನೆಯ ಡಬ್ಬಿಗಳನ್ನು ತೆಗೆದು ನೋಡಿದರು, ಮುದ್ದೆ ತೂಗಿದರು. ಬರೆದದ್ದೆಲ್ಲ ನಿಜ. ಅಷ್ಟರಲ್ಲಿ ಶಿವಮಲ್ಲಪ್ಪನವರ ಲಿಂಗಪೂಜೆ ಮುಗಿಯಿತು. ಬಾಳೆಹಣ್ಣು, ಬೆಲ್ಲ, ಕಾಯಿತುರಿ ಕಲಸಿದ ರಸಾಯನದ ಬಟ್ಟಲು ಬಂತು. ಅವರು ಕಣ್ಣಿಗೊತ್ತಿಕೊಂಡು ತಿಂದರು. ಗಾನವಿಯೂ ಕೈಯೊಡ್ಡಿ ತಿಂದರು. ಕೈ ತೊಳೆಯುವಾಗ ಬೆರಳೆಲ್ಲ ಅಂಟಂಟು. ಆಗ ಹೊಳೆಯಿತು.

"ಇದು ದಿನಾನೂ ಇರ್ತದಾ ತಾತ?"

"ಎರಡೊತ್ತೂ. ಪೂಜೆ ಬಿಡಾಕಾಯ್ತದಾ?"

"ಮತ್ತೆ ಬುಕ್ಕಲ್ಲಿ ಬರ್ದಿಲ್ವಲ್ಲಾ?"

ಮನೆಯವರೆಲ್ಲ ಗಾನವಿಯನ್ನೇ ನೋಡಿದರು. "ಪ್ರಸಾದನ ಯಾರಾದ್ರೂ ಊಟ ಅಂತ ಬರೀತಾರಾ ಕೂಸೇ?" ಎಂದರು ಶಿವಮಲ್ಲಪ್ಪ. ಅದೇ ಬಟ್ಟಲಿಗೆ ಮತ್ತೆ ಹಾಕಿಸಿ ತೂಗಿದರೆ ಹೊತ್ತಿಗೆ ಇನ್ನೂರ ಹತ್ತು ಗ್ರಾಂ.

"ಅವ್ರನ್ನ ಏನಂತ ಬಯ್ಯೋದು ಸಾ. ನಮ್ಮನೇಲೂ ಅಷ್ಟೇ. ಎರಡು ವರ್ಷ ಓದಿ ನಾನೂ ಯಾರ್ನೂ ಇದನ್ನ ಕೇಳಿರ್ಲಿಲ್ಲ. ನಾಚ್ಕೆ ಆಗೋಯ್ತು" ಎನ್ನುತ್ತಾರೆ ಗಾನವಿ.

ಪ್ರಸಾದ ಬಿಡಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಆ ಹೊಸಿಲು ತುಳಿಯುವಂತಿರಲಿಲ್ಲ. ನೈವೇದ್ಯಕ್ಕೆ ಹೆಸರುಬೇಳೆ ಕೋಸಂಬರಿ ಇಡಿ ಎಂದರು. ಗುರುಬಸಮ್ಮ ಸೊಂಟಕ್ಕೆ ಕೈಯಿಟ್ಟು "ಸ್ವಾಮಿಗೂ ಶುಗರ್ ಬಂದದಾ?" ಎಂದು ಕೇಳಿದರಂತೆ. ಗಂಡನ ಜೊತೆಗೂ ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೇಳೆ ನೆನೆಹಾಕಿದರು. ಆಮೇಲೆ ಸಕ್ಕರೆ ಇಳಿಯುತ್ತ ಬಂತು, ಬೆರಳು ಉಳಿಯಿತು ಎನ್ನುತ್ತಾರೆ ಗಾನವಿ.

ಕೇಳಲು ತೀರಾ ಚೆನ್ನಾಗಿದ್ದುದರಿಂದಲೇ ನಾನು ಇದನ್ನು ನಂಬಲಿಲ್ಲ. ಒಂದು ಬೆಳಿಗ್ಗೆ ಕವಲಂದೆಗೇ ಹೋದೆ. ಶಿವಮಲ್ಲಪ್ಪ ಜಗಲಿಯ ಮೇಲೆ ಕೂತು ಕಾಲು ಚಾಚಿದರು. ಹುಣ್ಣಿದ್ದ ಜಾಗದಲ್ಲಿ ಹೊಸ ಚರ್ಮ ಬಂದಿತ್ತು. ಮಾತ್ರೆ, ಡ್ರೆಸ್ಸಿಂಗ್‌ಗಳ ಪಾಲೂ ಇದರಲ್ಲಿದೆ ಎಂದು ಡಾಕ್ಟರು ಹೇಳುತ್ತಾರೆ, ಗಾನವಿಯೂ ಹೇಳುತ್ತಾರೆ. "ಎಣಿಸ್ಕಳಿ ಸಾ, ನಿಮಗ್ಯಾಕೆ ಅನ್ಮಾನ" ಎಂದರು ಯಜಮಾನರು. ನಾನು ಎಣಿಸಿಯೂ ನೋಡಿದೆ. ಐದು ಬೆರಳಿದ್ದವು. ಆಗಷ್ಟೇ ಪೂಜೆ ಮುಗಿದಿತ್ತು. ಗುರುಬಸಮ್ಮ ನನ್ನ ಅಂಗೈಗೂ ಎರಡು ಸಲ ಕೋಸಂಬರಿ ಹಾಕಿದರು.

ಮಧ್ಯಾಹ್ನ ಆಸ್ಪತ್ರೆಗೆ ಬಂದಾಗ ಗಾನವಿ ಪೆನ್ನು ತೆಗೆದರು. "ಇಷ್ಟ್ ದಿನ ನೀವ್ ಕೇಳಿದ್ರಿ, ಇವತ್ತು ನಾನ್ ಕೇಳ್ತೀನಿ. ಬೆಳಿಗ್ಗೆಯಿಂದ ಏನ್ ತಿಂದ್ರಿ ಸಾ?"

ಮೂರು ಇಡ್ಲಿ, ಒಂದು ವಡೆ, ಎರಡು ಸಲ ಕಾಫಿ ಎಂದೆ. ವಡೆಯನ್ನೂ ಮುಚ್ಚಿಡದ ನನ್ನ ಪ್ರಾಮಾಣಿಕತೆಯನ್ನು ನಾನೇ ಮೆಚ್ಚಿಕೊಂಡೆ.

"ಅಷ್ಟೇನಾ?"

"ಅಷ್ಟೇ."

"ಕವಲಂದೇಲಿ?"

ನಾನು ನನ್ನ ಅಂಗೈ ನೋಡಿಕೊಂಡೆ.

ಪರೀಕ್ಷೆ ಮುಂದಿನ ತಿಂಗಳು. ಪಾಸಾದರೆ ಅಪ್ಪ ನರ್ಸ್ ಎನ್ನುವುದು ನಿಲ್ಲಬಹುದು. ಬೇರೇನು ಆಸೆ ಎಂದು ಕೇಳಿದೆ. ರೋಗಿಗಳ ಊಟ ಬರೆದುಕೊಳ್ಳುವ ಅಚ್ಚಾದ ಹಾಳೆಯನ್ನು ನನ್ನ ಮುಂದಿಟ್ಟರು. ತಿಂಡಿ, ಮಧ್ಯಾಹ್ನದ ಊಟ, ಸಂಜೆ, ರಾತ್ರಿ. ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಸೇರಿಸಿದ ಇನ್ನೊಂದು ಸಾಲು: ಪ್ರಸಾದ.

"ಪ್ರತಿ ಹಾಳೇಲೂ ನಾನೇ ಬರೀತಿದೀನಿ ಸಾ. ಇದೊಂದು ಪ್ರಿಂಟ್ ಆಗ್ಬುಟ್ರೆ ಸಾಕು. ನಾನ್ ಇಲ್ಲಿಂದ ಹೋದ್ಮೇಲೂ ಯಾರಾದ್ರೂ ಕೇಳ್ತಾರೆ."